ಗೇಮ್ ಡೇಟ್ ಯಾಕೆ ಮುಂದಕ್ಕೆ ಹೋಗತ್ತೆ, ನಾವ್ಯಾಕೆ ಅಷ್ಟು ಉರ್ಕೋತೀವಿ

ಹಳದಿ ಹಿನ್ನೆಲೆ, ಅದರ ಮೇಲೆ ಕಪ್ಪು ಅಕ್ಷರ. ಇಂಥದ್ದೊಂದು ಪೋಸ್ಟ್ ಕಂಡ್ರೆ ಇವತ್ತಿಗೂ ಎಷ್ಟೋ ಗೇಮರ್‌ಗಳಿಗೆ ಎದೆ ಧಸಕ್ಕನ್ನತ್ತೆ. ಕಾರಣ ಸೈಬರ್‌ಪಂಕ್ 2077 ಅನ್ನೋ ಗೇಮ್, ಅದರ ರಿಲೀಸ್ ಡೇಟ್ ಮುಂದಕ್ಕೆ ಹೋದಾಗೆಲ್ಲ ಇಂಥದ್ದೇ ಪೋಸ್ಟ್ ಬರ್ತಿತ್ತು. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಕಂಪನಿ ಈ ಗೇಮ್ ಮಾಡ್ತೀವಿ ಅಂತ ಹೇಳಿದ್ದು 2012ರಲ್ಲಿ, ಡೇಟ್ ಕೊಟ್ಟಿದ್ದು 2019ರಲ್ಲಿ, ಅದೂ ಸ್ಟೇಜ್ ಮೇಲೆ ಹಾಲಿವುಡ್ ನಟ ಕಿಯಾನು ರೀವ್ಸ್‌ನ ಕರ್ಕೊಂಡು ಬಂದು ನಿಲ್ಸಿ: 2020 ಏಪ್ರಿಲ್ 16. ಜನವರಿಲಿ ಅದು ಸೆಪ್ಟೆಂಬರ್ 17 ಆಯ್ತು. ಜೂನ್‌ನಲ್ಲಿ ನವೆಂಬರ್ 19 ಆಯ್ತು. ಅಕ್ಟೋಬರ್ 5ಕ್ಕೆ ಗೇಮ್ ಗೋಲ್ಡ್ ಆಯ್ತು, ಅಂದ್ರೆ ಮಾಸ್ಟರ್ ಕಾಪಿ ರೆಡಿ ಆಯ್ತು ಅಂತ ಅನೌನ್ಸ್ ಮಾಡಿದ್ರು, ಸದ್ಯ ಬಚಾವ್ ಅಂತ ಎಲ್ರೂ ಉಸಿರು ಬಿಟ್ರು. ಅಕ್ಟೋಬರ್ 26ಕ್ಕೆ ಒಬ್ಬ ಫ್ಯಾನ್, ನಾನು ಆಫೀಸಿಗೆ ರಜೆ ಹಾಕ್ತಾ ಇದೀನಿ, ಇನ್ನು ಮುಂದಕ್ಕೆ ಹೋಗಲ್ಲ ತಾನೇ ಅಂತ ಟ್ವಿಟರ್‌ನಲ್ಲಿ ಕೇಳಿದ್ದಕ್ಕೆ ಗೇಮ್‌ನ ಅಫಿಶಿಯಲ್ ಅಕೌಂಟೇ, ಹೋಗಲ್ಲ, ಪಕ್ಕಾ ಅನ್ನೋ ಅರ್ಥದಲ್ಲಿ ರಿಪ್ಲೈ ಮಾಡ್ತು. ಮಾರನೇ ದಿನ, ಅಂದ್ರೆ 27ಕ್ಕೆ, ಮತ್ತೊಂದು ಹಳದಿ ಪೋಸ್ಟ್. ಡಿಸೆಂಬರ್ 10ಕ್ಕೆ ಹೋಯ್ತು.

ಆ ರಿಪ್ಲೈ ಹಾಕಿದೋರು ಸುಳ್ಳು ಹೇಳಿದ್ರು ಅಂತ ಜನ ಉರಿದುಬಿದ್ರು. ಆದ್ರೆ ಆಮೇಲೆ ಗೊತ್ತಾಗಿದ್ದೇನು ಅಂದ್ರೆ, ಕಂಪನಿ ಒಳಗಿರೋ ಹೆಚ್ಚಿನ ಡೆವಲಪರ್‌ಗಳಿಗೇ ಈ ವಿಷಯ ಗೊತ್ತಾಗಿದ್ದು ಹೊರಗಡೆ ನಮಗೆಲ್ಲ ಗೊತ್ತಾದ ಹೊತ್ತಿಗೇ. ಷೇರು ಮಾರ್ಕೆಟ್‌ನಲ್ಲಿ ಲಿಸ್ಟ್ ಆಗಿರೋ ಕಂಪನಿ ಇಂಥ ಸುದ್ದಿನ ಒಳಗಡೆ ನೂರಾರು ಜನಕ್ಕೆ ಮೊದಲೇ ಹೇಳೋ ಹಾಗಿಲ್ಲ, ಯಾಕಂದ್ರೆ ಅದು ಇನ್‌ಸೈಡ್ ಮಾಹಿತಿ, ಅಂದ್ರೆ ಷೇರು ಬೆಲೆ ಏರಿಳಿಸೋ ಒಳಗಿನ ಸುದ್ದಿ. ಹಂಗಾಗಿ ಟ್ವಿಟರ್ ನೋಡ್ಕೊಳ್ತಿದ್ದ ಪಾಪದ ಮನುಷ್ಯ 26ನೇ ತಾರೀಖು ಏನು ಹೇಳಿದ್ನೋ ಅದನ್ನ ಅವನೂ ನಂಬಿದ್ದಿರಬೇಕು.

ಇಲ್ಲಿಂದಲೇ ಶುರು ಮಾಡೋಣ, ಯಾಕಂದ್ರೆ ಜನಕ್ಕೆ ಅರ್ಥ ಆಗದೇ ಇರೋ ಮೊದಲನೇ ವಿಷಯನೇ ಇದು: ಗೋಲ್ಡ್ ಆದಮೇಲೂ ಗೇಮ್ ಹೆಂಗೆ ಲೇಟ್ ಆಗತ್ತೆ?

ಗೋಲ್ಡ್ ಅಂದ್ರೆ ಹಿಂದೆ ಸಿಡಿ ಕಾಲದಲ್ಲಿ ನಿಜವಾಗ್ಲೂ ಮುಗೀತು ಅಂತಾನೇ. ಫೈನಲ್ ಮಾಸ್ಟರ್ ಕಾಪಿ ಫ್ಯಾಕ್ಟರಿಗೆ ಹೋಗತ್ತೆ, ಅಲ್ಲಿ ಲಕ್ಷಗಟ್ಟಲೆ ಡಿಸ್ಕ್ ಪ್ರಿಂಟ್ ಆಗತ್ತೆ, ಲಾರಿ ಹತ್ತತ್ತೆ, ಅಂಗಡಿಗೆ ಬರತ್ತೆ, ಅಷ್ಟೇ, ಆಮೇಲೆ ಬಗ್, ಅಂದ್ರೆ ಗೇಮ್‌ನಲ್ಲಿ ತಪ್ಪು, ಸಿಕ್ಕಿದ್ರೂ ಏನೂ ಮಾಡೋಕಾಗಲ್ಲ. ಈಗ ಇಂಟರ್ನೆಟ್ ಇದೆಯಲ್ಲ, ಗೋಲ್ಡ್ ಅಂದ್ರೆ ಗೇಮ್‌ನ ಶುರುವಿಂದ ಕೊನೇವರೆಗೂ ಆಡ್ಬಹುದು, ಎಲ್ಲಾ ಕಂಟೆಂಟ್ ಒಳಗಿದೆ, ಸೋನಿ ಮೈಕ್ರೋಸಾಫ್ಟ್‌ನವರು ಪಾಸ್ ಮಾಡಿದಾರೆ, ಅಷ್ಟು ಮಾತ್ರ. ಡಿಸ್ಕ್ ಪ್ರಿಂಟ್ ಆಗ್ತಿರೋ ವಾರಗಳಲ್ಲಿ ಸ್ಟುಡಿಯೋದಲ್ಲಿ ಕೆಲಸ ನಿಂತಿರಲ್ಲ, ಡೇ ಒನ್ ಪ್ಯಾಚ್, ಅಂದ್ರೆ ರಿಲೀಸ್ ದಿನಾನೇ ಬರೋ ರಿಪೇರಿ ಅಪ್‌ಡೇಟ್, ರೆಡಿ ಆಗ್ತಿರತ್ತೆ. ನೀವು ಡಿಸ್ಕ್ ಹಾಕಿದ ತಕ್ಷಣ ಹತ್ತಿಪ್ಪತ್ತು ಜಿಬಿ ಡೌನ್‌ಲೋಡ್ ಆಗು ಅಂತ ಕೂರತ್ತಲ್ಲ, ಅದೇ. ಆ ಹಳದಿ ಪೋಸ್ಟ್‌ನಲ್ಲೂ ಇದನ್ನೇ ಬರೆದಿದ್ರು, ಈ ಪ್ಯಾಚ್‌ಗೆ ಎಷ್ಟು ಟೈಮ್ ಬೇಕು ಅನ್ನೋ ಲೆಕ್ಕದಲ್ಲಿ ತಪ್ಪಾಯ್ತು, ಒಟ್ಟು 9 ವರ್ಷನ್ ರೆಡಿ ಮಾಡಿ ಟೆಸ್ಟ್ ಮಾಡ್ಬೇಕು, ಅದೂ ಎಲ್ರೂ ಮನೇಲಿ ಕೂತು ಅಂತ. ಒಂಬತ್ತು! ಸೋನಿಯ ಪ್ಲೇಸ್ಟೇಷನ್ ಕನ್ಸೋಲ್‌ಗಳಾದ ಪಿಎಸ್4, ಪಿಎಸ್4 ಪ್ರೋ, ಪಿಎಸ್5ನಲ್ಲಿ ಓಡೋ ಹಂಗೆ ಒಂದು, ಎಕ್ಸ್‌ಬಾಕ್ಸ್ ಕಡೆ ಅದೇ ಥರ ಒಂದು ರಾಶಿ, ಪಿಸಿ, ಆಗ ಇದ್ದ ಗೂಗಲ್‌ನ ಸ್ಟೇಡಿಯಾ.

ಪಾಸ್ ಮಾಡೋದು ಅಂದೆನಲ್ಲ, ಅದೂ ಒಂದು ದೊಡ್ಡ ಪರೀಕ್ಷೆನೇ. ಸೋನಿ, ಮೈಕ್ರೋಸಾಫ್ಟ್, ನಿಂಟೆಂಡೊ ಮೂರೂ ಕಂಪನಿಗೆ ಅವರವರದ್ದೇ ಚೆಕ್‌ಲಿಸ್ಟ್ ಇದೆ. ಗೇಮ್ ಚೆನ್ನಾಗಿದೆಯಾ, ಮಜಾ ಇದೆಯಾ ಅಂತ ಅವರು ನೋಡಲ್ಲ. ಆಟದ ಮಧ್ಯೆ ಕಂಟ್ರೋಲರ್ ಬ್ಯಾಟರಿ ಸತ್ರೆ ಗೇಮ್ ಪಾಜ್ ಆಗಿ (ಅಲ್ಲೇ ನಿಂತು) ಮೆಸೇಜ್ ಬರತ್ತಾ? ಸೇವ್ ಆಗೋವಾಗ ಆಫ್ ಮಾಡ್ಬೇಡಿ ಅಂತ ತೋರಿಸತ್ತಾ? ಆಡ್ತಾ ಇರೋನು ಅಕೌಂಟ್‌ನಿಂದ ಸೈನ್ ಔಟ್ ಆದ್ರೆ ಏನಾಗತ್ತೆ? ಬಟನ್‌ಗಳ ಹೆಸರು ಆ ಮಷಿನ್‌ಗೆ ತಕ್ಕ ಹಾಗೆ ಕರೆಕ್ಟಾಗಿದೆಯಾ? ಇಂಥ ಪ್ರಶ್ನೆಗಳು. ಫೇಲ್ ಆದ್ರೆ ಸರಿ ಮಾಡಿ ಮತ್ತೆ ಕ್ಯೂನಲ್ಲಿ ನಿಲ್ಬೇಕು.

ಇನ್ನು ಬಗ್. ಜನ ಏನ್ಕೊಳ್ತಾರೆ ಅಂದ್ರೆ ಸಾವಿರ ಬಗ್ ಇದೆ, ದಿನಕ್ಕೆ ನೂರು ಸರಿ ಮಾಡಿದ್ರೆ ಹತ್ತು ದಿನ ಸಾಕು ಅಂತ. ಹಂಗಿದ್ದಿದ್ರೆ ಯಾವ ಗೇಮೂ ಲೇಟ್ ಆಗ್ತಿರಲಿಲ್ಲ ಬಿಡಿ. ಸೈಬರ್‌ಪಂಕ್‌ನಲ್ಲೇ ಒಂದು ಇತ್ತು, ಪಿಸಿಲಿ ಸೇವ್ ಫೈಲ್ 8 ಎಂಬಿ ದಾಟಿದ್ರೆ ಕರಪ್ಟ್ ಆಗೋದು, ಮತ್ತೆ ಓಪನ್ನೇ ಆಗ್ತಿರಲಿಲ್ಲ. ಯಾರಿಗೆ ಆಗ್ತಿತ್ತು ಇದು? ಸಿಕ್ಕ ಸಿಕ್ಕ ಗನ್ನು ಬಟ್ಟೆ ಎಲ್ಲ ಬ್ಯಾಗಿಗೆ ತುಂಬ್ಕೊಂಡು, ಕ್ರಾಫ್ಟಿಂಗ್ ಮಾಡಿ ಮಾಡಿ, ಸಾಮಾನು ಗುಡ್ಡೆ ಹಾಕ್ಕೊಂಡಿರೋರಿಗೆ. ಎರಡು ಗಂಟೆ ಆಡೋ ಟೆಸ್ಟರ್‌ಗೆ ಇದು ಈ ಜನ್ಮದಲ್ಲಿ ಕಾಣಲ್ಲ, ದಿನಗಟ್ಟಲೆ ಅದೇ ಸೇವ್‌ನಲ್ಲಿ ಆಡಿದೋನಿಗೆ ಮಾತ್ರ ಕಾಣತ್ತೆ. ಕಂಪನಿಯವರ ಮೊದಲ ಸಲಹೆ ಏನಿತ್ತು ಗೊತ್ತಾ, ಸಾಮಾನು ಕಮ್ಮಿ ಇಟ್ಕೊಳಿ ಅಂತ! ಡಿಸೆಂಬರ್ ಕೊನೇಲಿ ಬಂದ 1.06 ಪ್ಯಾಚ್‌ನಲ್ಲಿ ಆ ಲಿಮಿಟ್ ತೆಗೆದ್ರು, ಆದ್ರೆ ಅಷ್ಟರಲ್ಲಿ ಹಾಳಾಗಿದ್ದ ಸೇವ್‌ಗಳು ವಾಪಸ್ ಬರಲಿಲ್ಲ. ಇಂಥ ಬಗ್‌ಗಳು ಎಷ್ಟಿವೆ, ಎಲ್ಲಿವೆ ಅಂತ ರಿಲೀಸ್‌ಗೆ ಆರು ತಿಂಗಳ ಮುಂಚೆ ಯಾವ ಪ್ರೊಡ್ಯೂಸರ್‌ಗೂ ಹೇಳೋಕಾಗಲ್ಲ, ಆದ್ರೂ ಅವರ ಹತ್ರ ಒಂದು ಡೇಟ್ ಕೇಳೇ ಕೇಳ್ತಾರೆ.

ಯಾರು ಕೇಳ್ತಾರೆ? ಇದೇ ಎರಡನೇ ವಿಷಯ. ರಿಲೀಸ್ ಡೇಟ್ ಅನ್ನೋದು ಇಂಜಿನಿಯರ್ ಕೂತು ಲೆಕ್ಕ ಹಾಕಿ ಕೊಡೋ ಡೇಟ್ ಅಂತ ನಾವು ಅಂದ್ಕೊಂಡಿರ್ತೀವಿ. ಬಹಳಷ್ಟು ಸಲ ಅದು ಹಂಗಲ್ಲ. ಕ್ರಿಸ್‌ಮಸ್ ಸೇಲ್‌ಗೆ ಮುಂಚೆ ಬರ್ಬೇಕು, ಹೊಸ ಕನ್ಸೋಲ್ ಜೊತೆ ಬರ್ಬೇಕು, ಈ ಹಣಕಾಸು ವರ್ಷದ ಒಳಗೇ ಬರ್ಬೇಕು, ಇಂಥ ಕಾರಣಕ್ಕೆ ಡೇಟ್ ಫಿಕ್ಸ್ ಆಗಿರತ್ತೆ, ಛಾವಣಿ ಹಾಕೋಕೆ ಮುಂಚೆನೇ ಗೃಹಪ್ರವೇಶದ ಕಾರ್ಡ್ ಹಂಚಿದ ಹಾಗೆ. ಆಮೇಲೆ ಇಂಜಿನಿಯರ್‌ಗಳು ಆ ಡೇಟ್ ಕಡೆ ಓಡ್ಬೇಕು.

ಜಿಟಿಎ 6, ಅಂದ್ರೆ ರಾಕ್‌ಸ್ಟಾರ್ ಕಂಪನಿಯ ಗ್ರ್ಯಾಂಡ್ ಥೆಫ್ಟ್ ಆಟೋ ಸರಣಿಯ ಹೊಸ ಗೇಮ್, ಅದನ್ನ ತಗೊಳಿ. ಜಿಟಿಎ 5 ಬಂದಿದ್ದು 2013 ಸೆಪ್ಟೆಂಬರ್ 17ಕ್ಕೆ, ಆಗ ಹೈಸ್ಕೂಲಲ್ಲಿದ್ದೋರು ಈಗ ಕೆಲಸಕ್ಕೆ ಸೇರಿ ಮದುವೆನೂ ಆಗಿದಾರೆ. 2023 ಡಿಸೆಂಬರ್‌ನಲ್ಲಿ ಮೊದಲ ಟ್ರೇಲರ್ ಬಂತು, ಅದೂ ಲೀಕ್ ಆಯ್ತು ಅಂತ ಹೇಳಿದ್ದಕ್ಕಿಂತ ಮುಂಚೆನೇ ಬಿಟ್ರು, ಕೊನೇಲಿ ಬರೀ 2025 ಅಂತ ಇತ್ತು. ರಾಕ್‌ಸ್ಟಾರ್‌ನ ಮಾಲೀಕ ಕಂಪನಿ ಟೇಕ್-ಟು 2024 ಮೇನಲ್ಲಿ, 2025ರ ಶರತ್ಕಾಲಕ್ಕೆ ಅಂತ ಇನ್ನೂ ಸ್ವಲ್ಪ ಹತ್ತಿರ ತಂತು, ಅವರ ಬಾಸ್ ಸ್ಟ್ರಾಸ್ ಝೆಲ್ನಿಕ್ ಕೇಳಿದಾಗೆಲ್ಲ ಡೇಟ್ ಬಗ್ಗೆ ನಂಬಿಕೆ ಇದೆ ಅಂತಾನೇ ಇದ್ರು. 2025 ಮೇ 2, ಶುಕ್ರವಾರ: 2026 ಮೇ 26ಕ್ಕೆ ಹೋಯ್ತು. 2025 ನವೆಂಬರ್ 6: ಮತ್ತೆ ಹೋಯ್ತು, 2026 ನವೆಂಬರ್ 19ಕ್ಕೆ. ಎರಡೂ ಸಲ ಷೇರು ಬಿತ್ತು.

ಈಗ ಒಂದು ತಮಾಷೆ ನೋಡಿ. ಟೇಕ್-ಟು ಹಣಕಾಸು ವರ್ಷ ನಮ್ಮ ಥರನೇ, ಮಾರ್ಚ್ 31ಕ್ಕೆ ಮುಗಿಯತ್ತೆ. ಮೊದಲನೇ ಡಿಲೇ ಗೇಮ್‌ನ ಒಂದು ಹಣಕಾಸು ವರ್ಷದಿಂದ ಎತ್ತಿ ಮುಂದಿನ ವರ್ಷಕ್ಕೆ ಹಾಕ್ತು, ಅದು ದೊಡ್ಡ ಏಟು. ಎರಡನೇ ಡಿಲೇ ಮೇ ಇಂದ ನವೆಂಬರ್‌ಗೆ, ನಮಗೆ ಆರು ತಿಂಗಳ ಹೊಟ್ಟೆ ಉರಿ, ಆದ್ರೆ ಕಂಪನಿ ಲೆಕ್ಕದ ಪುಸ್ತಕದಲ್ಲಿ ಅದು ಅದೇ ವರ್ಷದ ಒಳಗೇ ಇದೆ, ಮೇಲಿಂದ ಕ್ರಿಸ್‌ಮಸ್ ಸೀಸನ್ ಬೇರೆ. ಅದಕ್ಕೆ ಯಾವುದೇ ದೊಡ್ಡ ಗೇಮ್ ಡಿಲೇ ಆದಾಗ ನಾನು ಮೊದಲು ನೋಡೋದು ಎಷ್ಟು ತಿಂಗಳು ಅಂತ ಅಲ್ಲ, ಆ ಕಂಪನಿಯ ಹಣಕಾಸು ವರ್ಷ ದಾಟ್ತಾ ಇದೆಯಾ ಇಲ್ವಾ ಅಂತ. ದಾಟ್ತಾ ಇದ್ರೆ ಒಳಗಡೆ ನಿಜವಾಗ್ಲೂ ಕೆಲಸ ಬಾಕಿ ಇದೆ ಅಂತ ಅನ್ಸತ್ತೆ, ಯಾಕಂದ್ರೆ ದುಡ್ಡಿನವರು ಸುಮ್ ಸುಮ್ನೆ ಅದನ್ನ ದಾಟೋಕೆ ಬಿಡಲ್ಲ.

ಇನ್ನೊಂದೂ ಗಮನಿಸಿ, ಮೇ 2ಕ್ಕೆ ಡಿಲೇ ಅಂತ ಹೇಳಿ ಜನ ಒಂದು ವೀಕೆಂಡ್ ಪೂರ್ತಿ ಬೈದು ಸುಸ್ತಾದ ಮೇಲೆ ಮೇ 6 ಮಂಗಳವಾರ, ಮೊದಲೇ ಏನೂ ಹೇಳದೆ ಟ್ರೇಲರ್ 2 ಬಿಟ್ರು. ಸಂಜೆ ಹೊತ್ತಿಗೆ ಡಿಲೇ ಬಗ್ಗೆ ಮಾತಾಡೋರೇ ಇಲ್ಲ. ಗೇಮ್ ಮಾಡೋದ್ರಲ್ಲಿ ಮಾತ್ರ ಅಲ್ಲ, ನಮ್ಮನ್ನ ಆಡಿಸೋದ್ರಲ್ಲೂ ಅವರು ಎಕ್ಸ್‌ಪರ್ಟ್‌ಗಳೇ.

ಸರಿ, ಫ್ಯಾನ್ಸ್ ಕಡೆ ಬರೋಣ. ಒಂದು ಗುಂಪು ನಗ್ತಾ ಕಾಯತ್ತೆ. ಜಿಟಿಎ 6ಗಿಂತ ಮುಂಚೆ ಇದು ಬಂತು, ಅದೂ ಬಂತು ಅನ್ನೋ ಮೀಮ್ ಗೊತ್ತಲ್ಲ, ಯಾವ ಸುದ್ದಿ ಬಂದ್ರೂ ಕಾಮೆಂಟ್‌ನಲ್ಲಿ ಒಬ್ಬ ಅದನ್ನ ಹಾಕೇ ಹಾಕ್ತಾನೆ. ಇನ್ನೊಂದು ಗುಂಪು ಪತ್ತೇದಾರಿಕೆ ಶುರು ಮಾಡತ್ತೆ. ಟ್ರೇಲರ್ 2ಗೆ ಕಾಯ್ತಾ ಇದ್ದಾಗ ಚಂದ್ರನ ಥಿಯರಿ ಅಂತ ಒಂದಿತ್ತು, ರಾಕ್‌ಸ್ಟಾರ್ ಪೋಸ್ಟ್‌ಗಳಲ್ಲಿ ಕಾಣೋ ಚಂದ್ರ ಯಾವ ಆಕಾರದಲ್ಲಿದೆ, ನಿಜವಾದ ಚಂದ್ರ ಯಾವತ್ತು ಹಂಗಿರತ್ತೆ ಅಂತ ಲೆಕ್ಕ ಹಾಕಿ ಟ್ರೇಲರ್ ಡೇಟ್ ಹೇಳೋರು. ನಮ್ಮ ಮನೆ ಪಂಚಾಂಗ ನೋಡೋ ಅಜ್ಜಂದಿರೂ ಇಷ್ಟು ಶ್ರದ್ಧೆ ತೋರಿಸಿರಲಿಕ್ಕಿಲ್ಲ. ಎಲ್ಲಾ ಡೇಟೂ ಸುಳ್ಳಾಯ್ತು, ಆದ್ರೆ ಮುಂದಿನ ಹುಣ್ಣಿಮೆಗೆ ಹೊಸ ಡೇಟ್ ರೆಡಿ ಇರೋದು. ಇದನ್ನ ನೋಡಿ ನಗ್ಬಹುದು, ಆದ್ರೆ ಕಾಯೋದನ್ನೇ ಒಂದು ಆಟ ಮಾಡ್ಕೊಂಡಿರೋ ಈ ಜನ ಯಾರಿಗೂ ತೊಂದರೆ ಕೊಡಲ್ಲ.

ತೊಂದರೆ ಕೊಡೋದು ಮೂರನೇ ಗುಂಪು. 2016ರಲ್ಲಿ ನೋ ಮ್ಯಾನ್ಸ್ ಸ್ಕೈ ಅನ್ನೋ ಗೇಮ್ ಜೂನ್‌ನಿಂದ ಆಗಸ್ಟ್‌ಗೆ ಹೋಯ್ತು, ಬರೀ ಒಂದೂವರೆ ತಿಂಗಳು. ಅದನ್ನ ಮಾಡಿದ ಹೆಲೋ ಗೇಮ್ಸ್‌ನ ಶಾನ್ ಮರ್ರಿಗೆ ಕೊಲೆ ಬೆದರಿಕೆ ಬಂತು. ಅದಕ್ಕೂ ಮುಂಚೆ, ಡಿಲೇ ಆಗ್ತಾ ಇದೆ ಅಂತ ಸುದ್ದಿ ಬರೆದ ಪತ್ರಕರ್ತ ಜೇಸನ್ ಶ್ರೈಯರ್‌ಗೂ ಬಂತು! ಸುದ್ದಿ ಹೇಳಿದ್ದೇ ತಪ್ಪು ಅನ್ನೋ ಹಂಗೆ. ಸೈಬರ್‌ಪಂಕ್‌ನ ಮೂರನೇ ಡಿಲೇಗೂ ಅದೇ ಕತೆ, ಡೆವಲಪರ್‌ಗಳು ನಾವೂ ನಿಮ್ಮ ಥರ ಮನುಷ್ಯರೇ ಮಾರಾಯ್ರೇ ಅಂತ ಟ್ವಿಟರ್‌ನಲ್ಲಿ ಬೇಡ್ಕೋಬೇಕಾಯ್ತು. ಡೇಟ್ ಹೇಳಿದೋರು ಬೋರ್ಡ್ ರೂಮ್‌ನಲ್ಲಿ ಇರ್ತಾರೆ, ಅವರ ಅಕೌಂಟ್ ಯಾರಿಗೂ ಸಿಗಲ್ಲ. ಸಿಗೋದು ಪ್ರೊಫೈಲ್‌ನಲ್ಲಿ ಗೇಮ್ ಹೆಸರು ಹಾಕ್ಕೊಂಡಿರೋ ಜೂನಿಯರ್ ಆರ್ಟಿಸ್ಟು, ಬೈಗುಳ ಎಲ್ಲ ಅವನಿಗೆ.

ಮತ್ತೆ ಡಿಲೇ ಆದ್ರೆ ಡೆವಲಪರ್‌ಗಳಿಗೆ ಆರಾಮು ಅಂತ ಒಂದು ನಂಬಿಕೆ ಇದೆ, ಅದು ಪೂರ್ತಿ ಉಲ್ಟಾ. ಕಡ್ಡಾಯ ಓವರ್‌ಟೈಮ್ ಮಾಡಿಸಲ್ಲ ಅಂತ 2019ರಲ್ಲಿ ಮಾತು ಕೊಟ್ಟಿದ್ದ ಸಿಡಿ ಪ್ರಾಜೆಕ್ಟ್ ರೆಡ್, 2020 ಸೆಪ್ಟೆಂಬರ್ ಕೊನೇಲಿ ವಾರಕ್ಕೆ ಆರು ದಿನ ಕೆಲಸ ಕಡ್ಡಾಯ ಮಾಡ್ತು. ನವೆಂಬರ್ 19ಕ್ಕೆ ಮುಗಿಯತ್ತೆ ಅಂತ ಹಲ್ಲು ಕಚ್ಕೊಂಡು ಓಡ್ತಾ ಇದ್ದೋರಿಗೆ ಇನ್ನೂ 21 ದಿನ ಓಡಿ ಅಂದ್ರೆ ಹೆಂಗಿರತ್ತೆ?

ಇದೆಲ್ಲ ಎಲ್ಲೋ ಯುರೋಪ್ ಅಮೆರಿಕದ ಕತೆ ಅನ್ಕೋಬೇಡಿ. ರಾಕ್‌ಸ್ಟಾರ್‌ನ ಒಂದು ಸ್ಟುಡಿಯೋ ಬೆಂಗಳೂರಲ್ಲೇ ಇದೆ, 2016ರಿಂದ. 1997ರಲ್ಲಿ ಬೆಂಗಳೂರಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ಗೊತ್ತಿರಬಹುದು, ಇಂಡಿಯಾದಲ್ಲಿ ಗೇಮ್ ಡೆವಲಪ್‌ಮೆಂಟ್ ಅನ್ನೋ ಕೆಲಸ ಶುರು ಮಾಡಿದ ಮೊದಲಿಗರು, ಅದನ್ನ 2019ರಲ್ಲಿ ರಾಕ್‌ಸ್ಟಾರ್ 79 ಲಕ್ಷ ಡಾಲರ್ ಕೊಟ್ಟು ತಗೊಂಡು ಇಲ್ಲಿನ ಟೀಮ್‌ಗೆ ಸೇರಿಸ್ಕೊಂಡ್ತು. ಅಂದ್ರೆ ನೀವು ರಾತ್ರಿ ಕೂತು ಸೋಂಬೇರಿ ನನ್ಮಕ್ಳು ಅಂತ ಕಾಮೆಂಟ್ ಹಾಕಿದ್ರಲ್ಲ, ಅವರಲ್ಲೊಬ್ಬ ಬೆಳಗ್ಗೆ ನಿಮ್ಮ ಪಕ್ಕದ ಟೇಬಲ್‌ನಲ್ಲೇ ಮಸಾಲೆ ದೋಸೆ ತಿಂತಾ ಇರಬಹುದು, ಡೇಟ್ ಯಾಕೆ ಮುಂದಕ್ಕೆ ಹೋಯ್ತು ಅಂತ ಅವನಿಗೂ ನಿಮ್ಮಷ್ಟೇ ಗೊತ್ತಿರಬಹುದು.

ಹಂಗಂತ ಫ್ಯಾನ್ಸ್ ಕೋಪ ಎಲ್ಲ ತಪ್ಪು ಅಂತ ನಾನು ಹೇಳಲ್ಲ. ಸೈಬರ್‌ಪಂಕ್‌ನ 80 ಲಕ್ಷ ಜನ ಪ್ರೀ-ಆರ್ಡರ್ ಮಾಡಿದ್ರು. ರಿಲೀಸ್‌ಗೆ ಮುಂಚೆ ರಿವ್ಯೂ ಮಾಡೋರಿಗೆ ಕೊಟ್ಟಿದ್ದು ಪಿಸಿ ಕಾಪಿ ಮಾತ್ರ. ಡಿಸೆಂಬರ್ 10ಕ್ಕೆ ಮಾಮೂಲಿ ಪಿಎಸ್4 ಇದ್ದೋರು ಗೇಮ್ ಹಾಕಿದ್ರೆ ಮುಖಗಳು ಮಣ್ಣಿನ ಗೊಂಬೆ ಥರ, ರಸ್ತೆಲಿ ಜನ ಇಲ್ಲ, ಆಡ್ತಾ ಆಡ್ತಾ ಕ್ರ್ಯಾಶ್. ಒಂದೇ ವಾರದಲ್ಲಿ ಸೋನಿ ಅದನ್ನ ತನ್ನ ಸ್ಟೋರ್‌ನಿಂದಲೇ ಕಿತ್ತು ಹಾಕ್ತು, ಕೇಳಿದೋರಿಗೆ ದುಡ್ಡು ವಾಪಸ್ ಅಂತು, ಮತ್ತೆ ಒಳಗೆ ಬಿಟ್ಕೊಂಡಿದ್ದು 2021 ಜೂನ್ 21ಕ್ಕೆ. ಈ ಸಿಟ್ಟು ನ್ಯಾಯವಾದದ್ದೇ, ದುಡ್ಡು ಇಸ್ಕೊಂಡು ವಿಷಯ ಮುಚ್ಚಿಟ್ರಲ್ಲ. ನನ್ನ ಪ್ರಕಾರ ಸೈಬರ್‌ಪಂಕ್‌ನ ತಪ್ಪು ಮೂರು ಸಲ ಲೇಟ್ ಮಾಡಿದ್ದಲ್ಲ, ನಾಲ್ಕನೇ ಸಲ ಲೇಟ್ ಮಾಡದೇ ಇದ್ದದ್ದು. ನಾಲ್ಕನೇ ಹಳದಿ ಪೋಸ್ಟ್ ಹಾಕೋ ಧೈರ್ಯ ಅವರಿಗೆ ಬರಲಿಲ್ಲ, ಬರದೇ ಇರೋ ಹಂಗೆ ಮಾಡಿದ್ರಲ್ಲಿ ಷೇರುದಾರರ ಪಾಲು ಎಷ್ಟಿದೆಯೋ ಕಿರುಚಾಡಿದ ನಮ್ಮ ಪಾಲೂ ಒಂಚೂರು ಇದೆ.

ಇಲ್ಲಿ ಯಾರಾದ್ರೂ ಒಬ್ರು ಮಿಯಾಮೊಟೊ ಮಾತು ಎತ್ತೇ ಎತ್ತುತಾರೆ. ಮಾರಿಯೋ ಸೃಷ್ಟಿ ಮಾಡಿದ ಶಿಗೆರು ಮಿಯಾಮೊಟೊ ಹೇಳಿದ್ದಂತೆ: ಲೇಟ್ ಆದ ಗೇಮ್ ಕೊನೆಗೆ ಚೆನ್ನಾಗಿ ಬರತ್ತೆ, ಆತುರ ಮಾಡಿದ ಗೇಮ್ ಯಾವಾಗ್ಲೂ ಕೆಟ್ಟದಾಗೇ ಉಳಿಯತ್ತೆ ಅಂತ. ಮೊದಲನೇದಾಗಿ ಅವರು ಇದನ್ನ ಹೇಳಿದ್ರು ಅನ್ನೋಕೆ ಗಟ್ಟಿ ಆಧಾರ ಯಾರಿಗೂ ಸಿಕ್ಕಿಲ್ಲ. ಎರಡನೇದಾಗಿ ಎರಡು ಅರ್ಧನೂ ನಿಜ ಅಲ್ಲ. ಡ್ಯೂಕ್ ನ್ಯೂಕೆಮ್ ಫಾರೆವರ್ 1997ರಲ್ಲಿ ಅನೌನ್ಸ್ ಆಗಿ 2011ರಲ್ಲಿ ಬಂತು, 14 ವರ್ಷ, ಮಧ್ಯೆ ಇಂಜಿನ್ ಬದಲಾಯಿಸಿದ್ರು, ಸ್ಟುಡಿಯೋ ಕೈ ಬದಲಾಯ್ತು, ಕೊನೆಗೆ ಬಂದಿದ್ದನ್ನ ಆಡಿದೋರೆಲ್ಲ ತಲೆ ಚಚ್ಕೊಂಡ್ರು. ಇತ್ತ ಆತುರದಲ್ಲಿ ಬಂದ ಸೈಬರ್‌ಪಂಕ್ 2023 ಸೆಪ್ಟೆಂಬರ್‌ನಲ್ಲಿ 2.0 ಅಪ್‌ಡೇಟೂ ಫ್ಯಾಂಟಮ್ ಲಿಬರ್ಟಿ ಅನ್ನೋ ಎಕ್ಸ್‌ಟ್ರಾ ಭಾಗನೂ ಬಂದ ಮೇಲೆ ಬೈದೋರೇ ಹೊಗಳೋ ಗೇಮ್ ಆಯ್ತು, ನೋ ಮ್ಯಾನ್ಸ್ ಸ್ಕೈ ಕೂಡ ವರ್ಷಗಟ್ಟಲೆ ಫ್ರೀ ಅಪ್‌ಡೇಟ್ ಕೊಟ್ಟು ಹೆಸರು ವಾಪಸ್ ತಗೊಂಡ್ತು. ಟೈಮ್ ಕೊಟ್ರೆ ಸಾಕು ಅಂತಲ್ಲ, ಏನು ಮಾಡ್ತಾ ಇದೀವಿ ಅಂತ ಮಾಡೋರಿಗೆ ಗೊತ್ತಿದ್ರೆ ಮಾತ್ರ ಟೈಮ್ ಕೆಲಸಕ್ಕೆ ಬರತ್ತೆ.

ಗೊತ್ತಿದ್ದೋರ ಉದಾಹರಣೆ ಸಿಲ್ಕ್‌ಸಾಂಗ್ ಗೇಮ್ ಮಾಡಿದೋರು. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿರೋ ಟೀಮ್ ಚೆರಿ ಅನ್ನೋ ಪುಟ್ಟ ಟೀಮು, ಮುಖ್ಯವಾಗಿ ಮೂರು ಜನ. ತಮ್ಮ ಹಿಂದಿನ ಗೇಮ್ ಹಾಲೋ ನೈಟ್‌ಗೆ ಒಂದು ಎಕ್ಸ್‌ಟ್ರಾ ಭಾಗ ಅಂತ ಶುರು ಮಾಡಿದ್ದು ಬೆಳೆದೂ ಬೆಳೆದೂ ಪೂರ್ತಿ ಗೇಮ್ ಆಗಿ, 2019 ಫೆಬ್ರವರಿಲಿ ಅನೌನ್ಸ್ ಆಯ್ತು. 2022 ಜೂನ್‌ನ ಎಕ್ಸ್‌ಬಾಕ್ಸ್ ಶೋನಲ್ಲಿ ಇದನ್ನೂ ತೋರಿಸಿ, ಇಲ್ಲಿ ನೋಡಿದ್ದೆಲ್ಲ ಇನ್ನು 12 ತಿಂಗಳಲ್ಲಿ ಆಡ್ಬಹುದು ಅಂದ್ರು, 2023 ಮೇನಲ್ಲಿ ಆಗಲ್ಲ ಅಂದ್ರು, ಆಮೇಲೆ ಹೆಚ್ಚುಕಮ್ಮಿ ಮೌನ. ಫ್ಯಾನ್ಸ್‌ಗೆ ತಲೆ ಕೆಟ್ಟು, ಯಾವ ಶೋ ಬಂದ್ರೂ ಈ ಸಲ ಬರತ್ತೆ ಅಂತ ಜೋಕರ್ ಮೇಕಪ್ ಮೀಮ್ ಹಾಕ್ಕೊಂಡು ಕೂರೋದು, ಬರದೇ ಇದ್ರೆ ಇಲ್ಲದ ಸುದ್ದಿ ತಾವೇ ಹುಟ್ಟಿಸೋದು, ಯೂಟ್ಯೂಬ್‌ನಲ್ಲಿ ಒಬ್ಬ ದಿನಾ ಇವತ್ತು ಸುದ್ದಿ ಏನೂ ಇಲ್ಲ ಅಂತ ವಿಡಿಯೋ ಹಾಕೋದು, ಇದೇ ಒಂದು ಸಂಸ್ಕೃತಿ ಆಗೋಯ್ತು. ಕೊನೆಗೆ 2025 ಆಗಸ್ಟ್ 21ಕ್ಕೆ ಡೇಟ್ ಕೊಟ್ರು: ಸೆಪ್ಟೆಂಬರ್ 4. ಎರಡೇ ವಾರ! ಬಂದ ದಿನ ಸ್ಟೀಮ್ ಸ್ಟೋರು, ನಿಂಟೆಂಡೊ ಸ್ಟೋರು ಎಲ್ಲ ಮಕಾಡೆ ಮಲಗಿದ್ವು, ಸ್ಟೀಮ್‌ನಲ್ಲೇ ಒಂದೇ ಹೊತ್ತಿಗೆ 5 ಲಕ್ಷಕ್ಕಿಂತ ಜಾಸ್ತಿ ಜನ ಆಡ್ತಾ ಇದ್ರು. ಇಷ್ಟು ವರ್ಷ ಏನು ಮಾಡ್ತಿದ್ರಿ ಅಂತ ಕೇಳಿದ್ರೆ, ಎಲ್ಲೂ ಸಿಕ್ಕಿ ಹಾಕ್ಕೊಂಡಿರಲಿಲ್ಲ, ಖುಷಿಯಾಗಿ ಒಂದೊಂದೇ ಸೇರಿಸ್ತಾ ಇದ್ವಿ ಅಂದ್ರಂತೆ.

ಇದು ಎಲ್ರಿಗೂ ಆಗೋ ಮಾತಲ್ಲ. ಅವರ ಹಿಂದಿನ ಗೇಮ್ ಚೆನ್ನಾಗಿ ದುಡಿದಿತ್ತು, ಷೇರುದಾರರಿಲ್ಲ, ಪಬ್ಲಿಷರ್ ಇಲ್ಲ, ಸಂಬಳ ಕೊಡ್ಬೇಕಾದ ಸಾವಿರ ಜನ ಇಲ್ಲ. ಮತ್ತೆ ಅವರು ದಿಢೀರ್ ಅಂತ ಬಂದಿದ್ದಕ್ಕೆ ಅದೇ ವಾರ ರಿಲೀಸ್ ಇಟ್ಕೊಂಡಿದ್ದ ಹಲವು ಸಣ್ಣ ಸ್ಟುಡಿಯೋಗಳು ಗಾಬರಿ ಬಿದ್ದು ತಮ್ಮ ಡೇಟ್ ಮುಂದಕ್ಕೆ ಹಾಕ್ಬೇಕಾಯ್ತು, ಒಬ್ಬರ ಡಿಲೇ ಮುಗಿದಿದ್ದು ಬೇರೆಯವರ ಡಿಲೇ ಆಗಿ.

ನಮ್ಮಲ್ಲೂ ಒಂದಿದೆ, ಸಣ್ಣದು. 2020 ಸೆಪ್ಟೆಂಬರ್ 2ಕ್ಕೆ ಪಬ್‌ಜಿ ಮೊಬೈಲ್ ಬ್ಯಾನ್ ಆಯ್ತಲ್ಲ, 4ಕ್ಕೆ ಅಕ್ಷಯ್ ಕುಮಾರ್ ಫೌ-ಜಿ ಅಂತ ಪೋಸ್ಟರ್ ಬಿಟ್ರು, ಮಾಡ್ತಾ ಇದ್ದದ್ದು ಬೆಂಗಳೂರಿನ ಎನ್‌ಕೋರ್ ಗೇಮ್ಸ್. ಅಕ್ಟೋಬರ್‌ಗೆ ಬರತ್ತೆ ಅನ್ನೋ ಮಾತಿತ್ತು, ದಸರಾಕ್ಕೆ ಬಂದಿದ್ದು ಟೀಸರ್, ಗೇಮ್ ಬಂದಿದ್ದು 2021 ಜನವರಿ 26ಕ್ಕೆ. ಪಬ್‌ಜಿ ಜಾಗಕ್ಕೆ ಅದೇ ಥರದ ಬ್ಯಾಟಲ್ ರಾಯಲ್ (ಕೊನೇವರೆಗೂ ಉಳಿದೋರು ಗೆಲ್ಲೋ ಆಟ) ಬರತ್ತೆ ಅಂತ ಕೂತಿದ್ದೋರಿಗೆ ಸಿಕ್ಕಿದ್ದು ಕೈಯಲ್ಲಿ ಹೊಡೆದಾಡೋ ಸಿಂಗಲ್ ಪ್ಲೇಯರ್ ಕ್ಯಾಂಪೇನ್, ಪ್ಲೇ ಸ್ಟೋರ್ ರೇಟಿಂಗ್ ದಡಕ್ಕನೆ ಇಳೀತು. ಇಲ್ಲೂ ಡಿಲೇ ಸಮಸ್ಯೆ ಆಗಿರಲಿಲ್ಲ, ಸಿಟ್ಟಲ್ಲಿರೋ ದೇಶದ ಮುಂದೆ ಆತುರದಲ್ಲಿ ಆಸೆ ಹುಟ್ಟಿಸಿದ್ದೇ ಸಮಸ್ಯೆ.

ಹಂಗಾದ್ರೆ ಯಾವ ಡೇಟ್ ನಂಬೋದು? ಬರೀ ವರ್ಷ ಹೇಳಿದ್ರೆ ಅದು ಆಸೆ ಅಷ್ಟೇ, ಮರೆತುಬಿಡಿ. ದಿನ ಹೇಳಿದ್ರೂ ಕಟ್ ಮಾಡದ ಗೇಮ್‌ಪ್ಲೇ ತೋರ್ಸಿದಾರಾ, ನಿಮ್ಮ ಹತ್ರ ಇರೋ ಮಷಿನ್ ಮೇಲೆ ಓಡೋದನ್ನ ತೋರ್ಸಿದಾರಾ ನೋಡಿ. ಹಳೇ ಕನ್ಸೋಲೂ ಹೊಸ ಕನ್ಸೋಲೂ ಎರಡಕ್ಕೂ ಒಟ್ಟಿಗೆ ಬರತ್ತೆ ಅಂದ್ರೆ ಇನ್ನೂ ಹುಷಾರು. ಪ್ರೀ-ಆರ್ಡರ್ ಮಾಡ್ಲೇಬೇಡಿ ಅಂತ ನಾನು ಹೇಳಲ್ಲ, ಆದ್ರೆ ಡೌನ್‌ಲೋಡ್ ಮಾಡೋ ಗೇಮ್ ಯಾವ ಅಂಗಡಿಲೂ ಸ್ಟಾಕ್ ಖಾಲಿ ಆಗಲ್ಲ ಅಲ್ವಾ.

ಮತ್ತೆ ನಮ್ಮಲ್ಲಿ ಬಹಳ ಜನ ಆಡೋದು ಪಿಸಿಲಿ. ಜಿಟಿಎ 6ಗೆ ಇದನ್ನ ಬರೆಯೋ ಹೊತ್ತಿಗೆ ಹೇಳಿರೋದು ಪಿಎಸ್5, ಎಕ್ಸ್‌ಬಾಕ್ಸ್ ಸೀರೀಸ್ ಎರಡೇ. ಜಿಟಿಎ 5 ಪಿಸಿಗೆ ಬಂದಿದ್ದು ಕನ್ಸೋಲ್‌ಗೆ ಬಂದ 19 ತಿಂಗಳ ಮೇಲೆ, 2015 ಏಪ್ರಿಲ್ 14ಕ್ಕೆ, ಅದೂ ಜನವರಿ ಅಂತ ಹೇಳಿ, ಮಾರ್ಚ್ ಅಂತ ಹೇಳಿ. ರಾಕ್‌ಸ್ಟಾರ್‌ನದ್ದೇ ಇನ್ನೊಂದು ಗೇಮ್ ರೆಡ್ ಡೆಡ್ ರಿಡೆಂಪ್ಷನ್ 2 ಪಿಸಿಗೆ ಒಂದು ವರ್ಷ ಬಿಟ್ಟು ಬಂತು. ಪಿಸಿ ಇಟ್ಕೊಂಡು ಜಿಟಿಎ 6ಗೆ ಕಾಯ್ತಾ ಇರೋರಿಗೆ ಡಿಲೇ ಇನ್ನೂ ಶುರುನೇ ಆಗಿಲ್ಲ, ಡಿಲೇ ಆಗೋಕೂ ಮೊದಲು ಒಂದು ಡೇಟ್ ಅಂತ ಇರಬೇಕಲ್ಲ.